ಸತ್ತವಳಿಗೊಂದು ಸಂಬಂಧ

ರವಿಕೆಯ ಅಳತೆಯ ಮಾತಿಗೇ ಜಲಜಾಕ್ಷಿಗೆ ಪಿತ್ತ ನೆತ್ತಿಗೇರಿದ್ದು. ಕೊಯಿಲದ ತನ್ನ ಟೈಲರಿಂಗ್ ಅಂಗಡಿಯಲ್ಲಿ ಶಾಲೆ ಮಕ್ಕಳ ಯೂನಿಫಾರ್ಮಿನ ಅಂಚು ಹೊಲಿಯುತ್ತಿದ್ದಳು. ಅಣ್ಣ ತ್ಯಾಂಪಣ್ಣ ಬಂದು ಕುರ್ಚಿ ಎಳೆದು ಕೂತ. ಕೆಂಪು ಬ್ಲೌಸ್ ಪೀಸೊಂದನ್ನು ಮೆಷಿನಿನ ಮೇಲಿಟ್ಟು, ಇದನ್ನು ನೀನೇ ಹೊಲಿ, ಬೇರೆಯವರ ಕೈಗೆ ಕೊಡುವುದು ಬೇಡ ಎಂದ. ಯಾರಿಗೆ ಎಂದು ಕೇಳಿದ್ದಕ್ಕೆ, ಅಕ್ಷಿತಾಳಿಗೆ ಎಂದ.

ಅಕ್ಷಿತಾ ಜಲಜಾಕ್ಷಿಯ ಮಗಳು. ಡೆಂಗಿ ಜ್ವರ ಬಂದು ಸತ್ತು ಎರಡು ವರ್ಷವಾಗಿತ್ತು.

"ಯಾರ ಅಳತೆಗೆ ಹೊಲಿಯುದು?" ಎಂದಳು ಜಲಜಾಕ್ಷಿ.

"ಈಗ ಇಪ್ಪತ್ತೆರಡು ಆಯ್ತಲ್ಲ ಅವಳಿಗೆ. ಸ್ವಲ್ಪ ಸಡಿಲವೇ ಇರಲಿ."

ಹೇಳಿದ್ದು ತಮಾಷೆಗಲ್ಲ. ನಮ್ಮ ಕಡೆ ಮದುವೆಯಾಗದೆ ಸತ್ತ ಹುಡುಗಿಗೆ, ಹಾಗೆಯೇ ಸತ್ತ ಒಬ್ಬ ಹುಡುಗನನ್ನು ಹುಡುಕಿ ಮದುವೆ ಮಾಡಿಸುವ ಕ್ರಮ ಉಂಟು. ಕುಲೆ ಮದುವೆ ಎನ್ನುತ್ತಾರೆ, ಕುಲೆ ಎಂದರೆ ತುಳುವಿನಲ್ಲಿ ಪ್ರೇತ. ಹೆಣ್ಣು ಕೇಳುವುದು, ನಿಶ್ಚಯ, ಧಾರೆ, ಊಟ, ಎಲ್ಲವೂ ಬದುಕಿದ್ದವರ ಮದುವೆಯ ಹಾಗೆಯೇ. ಸತ್ತವರ ವಯಸ್ಸನ್ನೂ ನಿಲ್ಲಿಸುವುದಿಲ್ಲ, ವರ್ಷ ಹೋದ ಹಾಗೆ ಎಣಿಸುತ್ತಲೇ ಇರುತ್ತಾರೆ. ಆಷಾಢದ ಹೊತ್ತಿನ ಆಟಿ ತಿಂಗಳು ಬಂತೆಂದರೆ ಇಂಥ ಸಂಬಂಧಗಳ ಓಡಾಟ ಶುರು. ತ್ಯಾಂಪಣ್ಣ ಸುಳ್ಯದ ಕಡೆಯ ಒಂದು ಮನೆಯಲ್ಲಿ ಹುಡುಗನನ್ನೂ ನೋಡಿ ಆಗಿತ್ತು. ಚಿಕ್ಕಂದಿನಲ್ಲಿ ಹೊಳೆಗೆ ಬಿದ್ದು ಸತ್ತವನು, ಈಗಿನ ಲೆಕ್ಕಕ್ಕೆ ಮದುವೆಯ ಪ್ರಾಯ. ಹೆತ್ತವಳನ್ನು ಒಂದು ಮಾತು ಕೇಳುವುದು ಮಾತ್ರ ಯಾರಿಗೂ ನೆನಪಾಗಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಜಲಜಾಕ್ಷಿಯ ಮಗ ಸೂರಜ್. ಪುತ್ತೂರಿನಲ್ಲಿ ಬೈಕ್ ಶೋರೂಮಿನಲ್ಲಿ ಕೆಲಸ. ಅವನಿಗೆ ನೋಡಿದ ಎರಡು ಸಂಬಂಧ ನಿಶ್ಚಯದವರೆಗೆ ಬಂದು ತಪ್ಪಿಹೋಗಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರೆ, ಮದುವೆಯಾಗದೆ ಹೋದ ತಂಗಿ ಅಡ್ಡ ನಿಂತಿದ್ದಾಳೆ ಎಂದು ಬಂತಂತೆ. ಅಲ್ಲ, ಮೊದಲನೆಯ ಹುಡುಗಿ ಇವನು ಮಾತಿನ ನಡುವೆಯೂ ಮೊಬೈಲಿನಿಂದ ತಲೆ ಎತ್ತದ್ದನ್ನು ನೋಡಿ ಬೇಡವೆಂದವಳು. ಎರಡನೆಯವಳಿಗೆ ಮೊದಲೇ ಬೇರೆ ಯಾರೋ ಇದ್ದ. ಅದಕ್ಕೆಲ್ಲ ಹೊಣೆ ಯಾರು? ಬಾಯಿಲ್ಲದ ಅಕ್ಷಿತಾ!

ಬದುಕಿದ್ದಾಗ ಅವಳಿಗಿದ್ದಷ್ಟು ಬಾಯಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಾಲೇಜಿನ ತ್ರೋಬಾಲ್ ಟೀಮಿನಲ್ಲಿದ್ದಳು. ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಆಗಬೇಕೆಂದು ಬೆಳಿಗ್ಗೆ ಎದ್ದು ರಸ್ತೆಯಲ್ಲಿ ಓಡುತ್ತಿದ್ದಳು. ಒಂದು ದಿನ ಬೆವರು ಒರೆಸಿಕೊಳ್ಳುತ್ತ ಅಮ್ಮನ ಹೊಲಿಗೆ ಮೆಷಿನಿನ ಎದುರು ನಿಂತು, ಮೂವತ್ತು ಆಗುವವರೆಗೆ ನನ್ನ ಮದುವೆಯ ಸುದ್ದಿ ಎತ್ತಬೇಡ, ನನ್ನನ್ನು ಕೇಳದೆ ಯಾರಿಗೂ ಮಾತು ಕೊಡಬೇಡ ಎಂದಿದ್ದಳು. ಆಯ್ತು ಮಾರಾಯ್ತಿ ಎಂದಿದ್ದಳು ಜಲಜಾಕ್ಷಿ. ಆ 'ಆಯ್ತು' ಅನ್ನು ಅವಳು ಇನ್ನೂ ಹಿಂದೆ ತೆಗೆದುಕೊಂಡಿರಲಿಲ್ಲ.

ಅಣ್ಣನಿಗೆ ಬೇಡ ಎಂದಳು. ಅವನು ಕೇಳಿಸಿಕೊಂಡರಲ್ಲವೇ! ಗಂಡ ತೀರಿಹೋದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದವಳು ಅವಳು. ಮಲಗುವ ಕೋಣೆಯೂ ಅಣ್ಣನದು, ಅಂಗಡಿಯ ಕೋಣೆಯೂ ಅಣ್ಣನದು. ಆ ದಿನದಿಂದ ಜಲಜಾಕ್ಷಿ ಬಾಯಿ ಮುಚ್ಚಿದಳು. ಅಂಗಡಿಯ ಬಾಗಿಲೂ ಮುಚ್ಚಿತು. ಮನೆಯವರು ಸೇರಿ ಇವಳಿಗೆ ತಲೆ ಸರಿ ಇಲ್ಲವೆಂದು ತೀರ್ಮಾನಿಸಿದರು. ಸತ್ತವಳಿಗೆ ಗಂಡು ಹುಡುಕುವವರ ತಲೆ ಸರಿ ಇತ್ತು, ಬೇಡವೆಂದವಳದು ಕೆಟ್ಟಿತ್ತು.

ಸೂರಜ್ ಅಮ್ಮನನ್ನು ಪುತ್ತೂರಿನ ಆಪ್ತಸಮಾಲೋಚಕಿ ಮೋಕ್ಷಿತಾ ಅವರಲ್ಲಿಗೆ ಕರೆದುಕೊಂಡು ಹೋದ. ಕೆಟ್ಟ ಮಿಕ್ಸಿಯನ್ನು ರಿಪೇರಿಯವನ ಮೇಜಿನ ಮೇಲೆ ಇಡುವ ಹಾಗೆ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಸ್ವಲ್ಪ ಒಪ್ಪಿಸಿ ಕೊಡಿ ಮೇಡಂ ಎಂದ. ಒಪ್ಪಿಸುವುದು ನನ್ನ ಕೆಲಸವಲ್ಲ ಎಂದು ಮೋಕ್ಷಿತಾ ಅವನನ್ನೇ ಹೊರಗೆ ಕಳಿಸಿದಳು. ಆಗಲೇ ಜಲಜಾಕ್ಷಿಗೆ ಈ ಹುಡುಗಿಯ ಮೇಲೆ ಅರ್ಧ ನಂಬಿಕೆ ಬಂತು.

"ಅಕ್ಷಿತಾ ಸತ್ತದ್ದು ಹೇಗೆ ಅಕ್ಕ?" ಎಂದು ಕೇಳಿದಳು ಮೋಕ್ಷಿತಾ.

ಎರಡು ವರ್ಷದಲ್ಲಿ 'ಸತ್ತದ್ದು' ಎಂದು ಬಾಯಿ ಬಿಟ್ಟು ಹೇಳಿದವರು ಇವಳೊಬ್ಬಳೇ. ಉಳಿದವರೆಲ್ಲ ಹೋದಳು, ತೀರಿಕೊಂಡಳು, ದೇವರ ಪಾದ ಸೇರಿದಳು ಎಂದು ಮಾತು ತೇಲಿಸುವವರೇ. ಅತ್ತರೆ ನೀರು ಕೊಡುತ್ತಿದ್ದರು, ಅಳದಿದ್ದರೆ ಗಟ್ಟಿಗಿತ್ತಿ ಎನ್ನುತ್ತಿದ್ದರು. ಒಬ್ಬ ಡಾಕ್ಟರು ನಿದ್ದೆ ಮಾತ್ರೆ ಬರೆದುಕೊಟ್ಟು ಕೈತೊಳೆದುಕೊಂಡಿದ್ದರು. ಮೋಕ್ಷಿತಾ ಸಮಾಧಾನ ಹೇಳಲಿಲ್ಲ, ಗಡಿಯಾರ ನೋಡಲಿಲ್ಲ, ಸುಮ್ಮನೆ ಎದುರು ಕೂತಳು. ಜಲಜಾಕ್ಷಿ ಪ್ಲೇಟ್‌ಲೆಟ್ ಇಳಿದದ್ದನ್ನು, ಐಸಿಯು ಬಾಗಿಲನ್ನು, ಒಳಗಿನಿಂದ ನರ್ಸ್ ತಂದುಕೊಟ್ಟ ಮಗಳ ಕಿವಿಯೋಲೆಗಳನ್ನು ಹೇಳಿದಳು. ಯಾರಿಗೂ ಹೇಳದ ಭಯವನ್ನೂ ಹೇಳಿದಳು. ನಾನು ಸತ್ತ ಮೇಲೆ, ಅಕ್ಷಿತಾ ಎಂಬವಳು ಹೀಗಿದ್ದಳು ಎಂದು ಹೇಳಲು ಭೂಮಿಯ ಮೇಲೆ ಒಬ್ಬರೂ ಇರುವುದಿಲ್ಲ ಎಂಬ ಭಯ. ಅದು ನಿಜ ಅಕ್ಕ ಎಂದಳು ಮೋಕ್ಷಿತಾ. ಅದನ್ನು ಓಡಿಸುವ ಮದ್ದು ನನ್ನ ಹತ್ತಿರ ಇಲ್ಲ, ಆದರೆ ಅದರ ಎದುರು ಇಬ್ಬರೂ ಕೂತುಕೊಳ್ಳುವ ಎಂದಳು.

ಮರುದಿನ ಜಲಜಾಕ್ಷಿ ಅಂಗಡಿ ತೆರೆದಳು. ಈಗಲೂ ಆ ಮಟ್ಟಿಗೆ ಅವಳು ಮೋಕ್ಷಿತಾಳನ್ನು ಬಿಟ್ಟುಕೊಡುವುದಿಲ್ಲ. ಮಾತ್ರೆಯಿಂದ ಆಗದ್ದು, ಹರಕೆಯಿಂದ ಆಗದ್ದು, ಒಂದು ನೇರ ಪ್ರಶ್ನೆಯಿಂದ ಆಗಿತ್ತು.

ಇದಕ್ಕೆ ಎಕ್ಸಿಸ್ಟೆನ್ಶಿಯಲ್ ಥೆರಪಿ ಎನ್ನುತ್ತಾರೆ ಎಂದು ಮುಂದಿನ ಸಲ ಹೋದಾಗ ಮೋಕ್ಷಿತಾ ತಿಳಿಸಿದಳು. ಒಂದು ದಿನ ಸಾಯುತ್ತೇವೆ ಎಂಬುದನ್ನು ಕಣ್ಣುಬಿಟ್ಟು ನೋಡುವುದು, ಅಲ್ಲಿಯವರೆಗೆ ಹೇಗೆ ಬದುಕುವುದೆಂದು ನಾವೇ ನಿಶ್ಚಯಿಸುವುದು, ಬದುಕಿಗೆ ಅರ್ಥ ಹೊರಗಿನಿಂದ ಬರುವುದಿಲ್ಲ, ನಾವೇ ಕೊಡಬೇಕು, ಇಷ್ಟು ಅದರ ಸಾರ. ಕೇಳಲು ಚಂದವೇ ಇತ್ತು. ಜಲಜಾಕ್ಷಿ ತಲೆಯಾಡಿಸಿದಳು.

ಚಂದ ಕೆಟ್ಟದ್ದು ಅದರ ಮುಂದಿನ ಸಲ. ಗಂಡಿನ ಕಡೆಯವರು ಹೆಣ್ಣು ಕೇಳಲು ಆದಿತ್ಯವಾರ ಬರುತ್ತಾರೆಂದು ತ್ಯಾಂಪಣ್ಣ ಹೇಳಿ ಹೋಗಿದ್ದ. ಜಲಜಾಕ್ಷಿ ಬಸ್ಸು ಹತ್ತಿ ಪುತ್ತೂರಿಗೆ ಓಡಿ ಬಂದಳು. ಎಂತ ಮಾಡಲಿ ಎಂದು ಕೇಳಿದರೆ ಮೋಕ್ಷಿತಾ, ನೀವು ಸ್ವತಂತ್ರರು ಎಂದಳು. ಅಣ್ಣ, ಮನೆ, ಕ್ರಮ ಎಂಬುದೆಲ್ಲ ನಾವು ಜವಾಬ್ದಾರಿಯಿಂದ ಅಡಗಿ ಕೂರುವ ಜಾಗಗಳು, ಕೊನೆಗೆ ಪ್ರತಿಯೊಬ್ಬರೂ ಒಬ್ಬರೇ, ಆಯ್ಕೆಯೂ ಒಬ್ಬರದೇ ಎಂದಳು. ಸ್ವತಂತ್ರರು! ಫ್ಯಾನಿನ ಕೆಳಗೆ ಕೂತು ಹೇಳಲು ಎಷ್ಟು ಸುಲಭ. ಇವಳು ಬೇಡವೆಂದು ಎದ್ದು ನಡೆದರೆ ಹೊಲಿಗೆ ಮೆಷಿನನ್ನು ತಲೆಯ ಮೇಲೆ ಹೊತ್ತು ಎಲ್ಲಿಗೆ ಹೋಗುವುದು? ಇಷ್ಟಾಗಿಯೂ ಜಲಜಾಕ್ಷಿ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಆದರೆ ಮೋಕ್ಷಿತಾ ಅಲ್ಲಿಗೆ ನಿಲ್ಲಿಸಲಿಲ್ಲ. ಈ ಮದುವೆಯೆಲ್ಲ ಸಾವನ್ನು ಒಪ್ಪಿಕೊಳ್ಳಲಾಗದೆ ಮಾಡುವುದು, ಬೇಕು ಬೇಡ ಎನ್ನಲು ಅಕ್ಷಿತಾ ಎಂಬವಳು ಈಗ ಇಲ್ಲವೇ ಇಲ್ಲ, ನಿಮಗೆ ಎಂತ ಬೇಕು ಎನ್ನುವುದಷ್ಟೇ ಉಳಿದ ಪ್ರಶ್ನೆ ಎಂದುಬಿಟ್ಟಳು.

ಜಲಜಾಕ್ಷಿಯ ಮೈಯೆಲ್ಲ ಉರಿದುಹೋಯಿತು.

"ಇಲ್ಲವೇ ಇಲ್ಲದಿದ್ದರೆ ನಾನು ಮಾತು ಕೊಟ್ಟದ್ದು ಯಾರಿಗೆ ಮೇಡಂ? ನನ್ನಣ್ಣ ಹೇಳ್ತಾನೆ, ಅಕ್ಷಿತಾ ಇದ್ದಾಳೆ, ಅವಳಿಗೆ ಗಂಡ ಬೇಕಂತೆ ಅಂತ. ನೀವು ಹೇಳ್ತೀರಿ, ಅವಳು ಇಲ್ಲ, ಅವಳಿಗೆ ಎಂತದೂ ಬೇಡ ಅಂತ. ಅವಳು ಬಾಯಿ ಬಿಟ್ಟು ಹೇಳಿದ್ದೊಂದು ಉಂಟಲ್ಲ, ಅದನ್ನು ನೀವಿಬ್ಬರೂ ಸೇರಿ ನುಂಗಿದಿರಿ. ಮತ್ತೆ ನಾನು ಒಬ್ಬಳೇ ಅಂತ ನಿಮಗೆ ಯಾರು ಹೇಳಿದ್ದು? ನಮ್ಮಲ್ಲಿ ಸತ್ತವರಿಗೂ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸ್ತೇವೆ. ನಿಮ್ಮ ಓದಿನಲ್ಲಿ ಅವರಿಗೆ ಕೂತುಕೊಳ್ಳಲು ಒಂದು ಮಣೆಯೂ ಇಲ್ವಾ?"

ಮೋಕ್ಷಿತಾಳ ಮುಖ ಸಣ್ಣದಾಯಿತು. ಆದರೆ ಆ ಹುಡುಗಿ ವಾದಕ್ಕೆ ಇಳಿಯಲಿಲ್ಲ, ಅದೊಂದು ಅವಳ ದೊಡ್ಡಸ್ತಿಕೆ. ಇಲ್ಲ ಅಕ್ಕ, ನಾನು ಕಲಿತದ್ದರಲ್ಲಿ ಅದಕ್ಕೆ ಜಾಗ ಇಲ್ಲ, ತಪ್ಪಾಯ್ತು ಎಂದಳು. ಜಲಜಾಕ್ಷಿ ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿದ್ದಾಗ ಮೋಕ್ಷಿತಾ ಹಿಂದಿನಿಂದ ಕೇಳಿದಳು.

"ಅಕ್ಷಿತಾ ನಿಮಗೆ ಹೇಳಿದ್ದನ್ನು ನೀವು ಮನೆಯವರಿಗೆ ಹೇಳಿದ್ದೀರಾ ಅಕ್ಕ?"

ಜಲಜಾಕ್ಷಿ ಬಾಗಿಲು ಎಳೆದುಕೊಂಡು ಹೊರಟಳು. ಬಸ್ಸಿನಲ್ಲಿ ಉಪ್ಪಿನಂಗಡಿಯವರೆಗೆ ಮನಸ್ಸಿನಲ್ಲೇ ಮೋಕ್ಷಿತಾಳನ್ನು ಬೈದಳು. ಸಿಕ್ಕಿದ್ದನ್ನೆಲ್ಲ ಓದಿಕೊಂಡು ಬಂದು ಹೆತ್ತವರಿಗೆ ಪಾಠ ಹೇಳುತ್ತಾಳಂತೆ! ಆದರೆ ಬೈಗುಳ ಮುಗಿದ ಮೇಲೂ ಪ್ರಶ್ನೆ ಮುಗಿಯಲಿಲ್ಲ. ಅವಳು ಹೇಳಿರಲಿಲ್ಲ. ನನಗೆ ಇಷ್ಟವಿಲ್ಲ, ನನ್ನಿಂದ ಆಗುವುದಿಲ್ಲ ಎಂದು ತನ್ನ ಲೆಕ್ಕದಲ್ಲೇ ಬೇಡವೆಂದಿದ್ದಳು. ಮಗಳ ಮಾತನ್ನು ಮಗಳ ಮಾತೆಂದು ಮನೆಯಲ್ಲಿ ಒಬ್ಬರ ಎದುರೂ ಇಟ್ಟಿರಲಿಲ್ಲ, ನಕ್ಕುಬಿಟ್ಟರೆ ಎಂದು ಹೆದರಿ. ಹಾಗಾದರೆ ನುಂಗಿದವರಲ್ಲಿ ತಾನೂ ಒಬ್ಬಳು. ಇದು ಹೊಳೆದದ್ದೇ ಅವಳ ಸಿಟ್ಟು ಇಮ್ಮಡಿಯಾಯಿತು, ಈ ಸಲ ತನ್ನ ಮೇಲೆ.

ಆದಿತ್ಯವಾರ ಗಂಡಿನ ಕಡೆಯವರು ಬಂದರು. ಹುಡುಗನ ತಂದೆ ಡೊಂಬಯ್ಯ, ತಾಯಿ ಸೀತಕ್ಕ, ಜೊತೆಗೆ ಇಬ್ಬರು ಹಿರಿಯರು. ಚಾವಡಿಯಲ್ಲಿ ಒಂದು ಕುರ್ಚಿಯ ಮೇಲೆ ಅಕ್ಷಿತಾಳ ಹೆಸರಿನಲ್ಲಿ ಸೀರೆ ಮಡಚಿಟ್ಟು ಮಲ್ಲಿಗೆ ಹೂ ಇಟ್ಟಿದ್ದರು. ಇಂಥ ಮಾತುಕತೆಯಲ್ಲಿ ಸಾವಿನ ಸುದ್ದಿ ಯಾರೂ ಎತ್ತಬಾರದು, ಅದು ಕ್ರಮ. ಎಲ್ಲರೂ ಚಂದಕ್ಕೆ ಪಾಲಿಸಿದರು. ಹುಡುಗನಿಗೆ ಇಪ್ಪತ್ತಾರು, ಹುಡುಗಿಗೆ ಇಪ್ಪತ್ತೆರಡು, ನಕ್ಷತ್ರ ಕೂಡಿಬರುತ್ತದೆ ಎಂದರು. ಅಡುಗೆಗೆ ಯಾರು, ಕೋಳಿ ಎಷ್ಟು ಎಂಬಲ್ಲಿಗೆ ಮಾತು ಮುಟ್ಟಿತು. ತ್ಯಾಂಪಣ್ಣ ವೀಳ್ಯದೆಲೆಯ ತಟ್ಟೆಗೆ ಕೈ ಹಾಕಿದ. ಆ ತಟ್ಟೆ ಕೈ ಬದಲಾದರೆ ನಿಶ್ಚಯ ಆದ ಹಾಗೆ, ಮತ್ತೆ ಹಿಂದೆ ಬರುವಂತಿಲ್ಲ. ಜಲಜಾಕ್ಷಿ ಒಳಗಿನಿಂದ ಬಂದು ಸೀರೆಯಿಟ್ಟ ಕುರ್ಚಿಯ ಪಕ್ಕ ನಿಂತಳು.

"ಹುಡುಗಿಯನ್ನು ಒಂದು ಮಾತು ಕೇಳುವ ಕ್ರಮ ಇಲ್ವಾ ಅಣ್ಣ?"

ಒಳಗೆ ಹೋಗು ಎಂದ ತ್ಯಾಂಪಣ್ಣ, ಹಲ್ಲಿನ ನಡುವಿನಿಂದ.

"ಇಪ್ಪತ್ತೆರಡು ಅಂತ ಎಣಿಸಿದ್ದು ನೀನೇ. ಪ್ರಾಯ ಬೆಳೀತದೆ, ಬಾಯಿ ಮಾತ್ರ ಇರುದಿಲ್ವಾ ಅವಳಿಗೆ? ಮೂವತ್ತು ಆಗುವವರೆಗೆ ಮದುವೆ ಬೇಡ, ನನ್ನನ್ನು ಕೇಳದೆ ಮಾತು ಕೊಡಬೇಡ ಅಂತ ಅವಳು ನನ್ನ ಹತ್ತಿರ ಹೇಳಿದ್ದಾಳೆ. ನಾನು ಆಯ್ತು ಅಂದಿದ್ದೇನೆ. ಎಂಟು ವರ್ಷ ಕಳೆದು ಬನ್ನಿ. ಆಗ ಅವಳನ್ನೇ ಕೇಳುವ."

ಇದಕ್ಕೆ ಎದುರು ಹೇಳುವುದಾದರೂ ಹೇಗೆ? ಅವಳು ಸತ್ತಿದ್ದಾಳಲ್ಲ ಎನ್ನೋಣವೆಂದರೆ ಅದೊಂದನ್ನು ಅಲ್ಲಿ ಯಾರೂ ಹೇಳುವ ಹಾಗಿಲ್ಲ. ತ್ಯಾಂಪಣ್ಣ ತಟ್ಟೆಯಿಂದ ಕೈ ತೆಗೆದ. ಹಾಗಾದರೆ ನನ್ನ ಮದುವೆ ಎಂದು ಸೂರಜ್ ಗೊಣಗಿದ. ನಿನಗೆ ಕೈಕಾಲು ಗಟ್ಟಿ ಉಂಟು, ಮೊಬೈಲ್ ಕೆಳಗಿಟ್ಟು ಹುಡುಗಿಯ ಮುಖ ನೋಡಿ ಮಾತಾಡು, ತಂಗಿಯ ಸೆರಗು ಹಿಡಿದುಕೊಂಡು ಹೋಗಬೇಡ ಎಂದು ತಾಯಿ ಅಲ್ಲಿಯೇ ಝಾಡಿಸಿದಳು. ತ್ಯಾಂಪಣ್ಣ ಬಂದವರಿಗೆ ಕೈಮುಗಿದು, ತಂಗಿಗೆ ಸ್ವಲ್ಪ ಸೌಖ್ಯ ಇಲ್ಲ, ಪುತ್ತೂರಿನಲ್ಲಿ ಮದ್ದು ಆಗುತ್ತಾ ಉಂಟು, ಮನಸ್ಸಿಗೆ ತೆಗೆದುಕೊಳ್ಳಬೇಡಿ ಎಂದ.

"ಸೌಖ್ಯ ಇಲ್ಲದ್ದು ಎಂತ ಉಂಟು ಅದರಲ್ಲಿ?" ಎಂದರು ಸೀತಕ್ಕ. ಬಂದಾಗಿನಿಂದ ಅವರು ಬಾಯಿ ತೆರೆದದ್ದು ಅದೇ ಮೊದಲು. "ಹುಡುಗಿ ಹೇಳಿದ್ದು ಸರಿಯೇ ಉಂಟಲ್ಲ. ನಾವು ಕಾಯ್ತೇವೆ. ನಮ್ಮವನಿಗೆ ಎಂತ ಅವಸರ?"

ಡೊಂಬಯ್ಯ ಹೆಂಡತಿಯ ಮುಖ ನೋಡಿ ತಲೆಯಾಡಿಸಿದರು. ತಟ್ಟೆ ಇದ್ದಲ್ಲೇ ಉಳಿಯಿತು. ಗಂಡಸರು ಒಬ್ಬೊಬ್ಬರಾಗಿ ಎದ್ದು ಅಂಗಳಕ್ಕೆ ಇಳಿದರು.

ಜಲಜಾಕ್ಷಿ ಈ ಹೆಂಗಸಿನ ಜೊತೆಗೂ ಜಗಳಕ್ಕೆ ತಯಾರಾಗಿಯೇ ಬಂದಿದ್ದಳು. ಆಡಲೆಂದು ಇಟ್ಟುಕೊಂಡಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಹೋಗಿ ಸೀತಕ್ಕನ ಪಕ್ಕದಲ್ಲಿ ಕೂತಳು. ನಿಮ್ಮ ಹುಡುಗಿ ಹೇಗೆ, ಮಾತು ಜಾಸ್ತಿಯಾ ಎಂದು ಸೀತಕ್ಕ ಕೇಳಿದರು. ಜಾಸ್ತಿ ಎಂದಳು ಜಲಜಾಕ್ಷಿ. ತ್ರೋಬಾಲ್ ಹೇಳಿದಳು, ಬೆಳಗಿನ ಓಟ ಹೇಳಿದಳು, ಪೊಲೀಸ್ ಆಗುವ ಆಸೆ ಹೇಳಿದಳು. ಸೀತಕ್ಕ ನಡುವೆ ಒಮ್ಮೆ ನಕ್ಕರು ಕೂಡ. ತಾನು ಸತ್ತ ಮೇಲೂ ಅಕ್ಷಿತಾ ಹೀಗಿದ್ದಳು ಎಂದು ಹೇಳಲು ಇನ್ನೊಬ್ಬರು ಆದರಲ್ಲ ಎಂದು ಜಲಜಾಕ್ಷಿಗೆ ಅನಿಸಿದ್ದು ಆಗ.

ಹಾಗೆ ಹೇಳುತ್ತ ಹೇಳುತ್ತ ಅವಳು ತಟ್ಟನೆ ನಿಲ್ಲಿಸಿದಳು. ಮಗಳನ್ನು ಯಾರೂ ಕೇಳಲಿಲ್ಲವೆಂದು ಇಷ್ಟು ದಿನ ಊರಿಡೀ ಉರಿದು ಬಿದ್ದವಳು, ಆ ಹುಡುಗನ ಬಗ್ಗೆ ತಾನೂ ಒಂದು ಮಾತು ಕೇಳಿರಲಿಲ್ಲ.

"ನಿಮ್ಮ ಮಗನ ಹೆಸರು ಎಂತ ಸೀತಕ್ಕ?"

ಸೀತಕ್ಕ ಹೇಳಿ ಅಭ್ಯಾಸ ತಪ್ಪಿದ ಹಾಗೆ ತುಟಿ ಅಲುಗಿಸಿದರು.

"ಪ್ರಸನ್ನ," ಎಂದರು. ಬೆಳಗಿನಿಂದ ಅವನ ಮದುವೆಯ ಮಾತಾಡಿದ ಆ ಚಾವಡಿಯಲ್ಲಿ ಅವನ ಹೆಸರು ಕೇಳಿಸಿದ್ದು ಅದೇ ಮೊದಲು.