ಗಾಳಿ ಇಲ್ಲದೆ ಅಲುಗಿದ ಕಡ್ಡಿ

೧೯೭೨ರ ಮೇ ತಿಂಗಳಲ್ಲಿ ಸಂಗಮ್ಮ ತಾನೂ ಗುಡ್ಡಕ್ಕೆ ಬರುತ್ತೇನೆಂದಾಗ ಬೇಡವೆನ್ನಲು ಪ್ರೇಮಾಗೆ ಬಾಯಿ ಬರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಅದೇ ಗುಡ್ಡದಿಂದ ಬಿದ್ದು ಸಂಗಮ್ಮನ ಮಗ ವೈಜನಾಥ ಸತ್ತಿದ್ದ. ಅವನೂ ಪ್ರೇಮಾಳೂ ನಾಸಿಕದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದವರು. ಇಬ್ಬರ ಅಪ್ಪಂದಿರೂ ಧಾರವಾಡದ ಕಡೆಯಿಂದ ಬಂದು ಓಝರಿನ ವಿಮಾನ ಕಾರ್ಖಾನೆ ಸೇರಿದವರು. ಕೈಮುಗಿದಂತೆ ನಿಲ್ಲುವ ಹುಳು, ಸೂರ್ಯನ ಕುದುರೆಯನ್ನು ಹುಡುಕಿಕೊಂಡು ಅಂದು ಇಬ್ಬರೂ ಹೋಗಿದ್ದರು. ಕಾಲೇಜಿಗಾಗಿ ಮಾಡುತ್ತಿದ್ದು ಅರ್ಧಕ್ಕೆ ನಿಂತ ಆ ಹುಳುಗಳ ಸಂಗ್ರಹವನ್ನು ಈಗ ಪ್ರೇಮಾ ಒಬ್ಬಳೇ ಮುಗಿಸಬೇಕಿತ್ತು.

ಗುಡ್ಡದ ಕಡೆ ಹೋಗುವ ದಿಂಡೋರಿಯ ಬಸ್ಸಿನಲ್ಲಿ ಸಂಗಮ್ಮ ಕಿಟಕಿಯತ್ತ ನೋಡುತ್ತಲೇ ಹೇಳಿದಳು.

"ಮಧ್ಯಾಹ್ನ ಮೂರಕ್ಕ ಹೊರಗಿನ ಖೋಲ್ಯಾಗ ಅವನ ದನಿ ಕೇಳತದ. ವರ್ಷಾತು. 'ಸಿಕ್ತು, ಸಿಕ್ತು' ಅಂತಾನ. ಏನು ಸಿಕ್ತು ಅಂತ ಹೇಳೂದಿಲ್ಲ. ನಿಮ್ಮ ಕಾಕಾಗ ಕೇಳಸೂದಿಲ್ಲ, ನನಗಷ್ಟ."

ಪ್ರೇಮಾ ತಟ್ಟನೆ ಅವಳತ್ತ ತಿರುಗಿದಳು. ಆ 'ಸಿಕ್ತು' ಎಂಬ ಮಾತನ್ನು ಪ್ರೇಮಾ ಯಾರಿಗೂ ಹೇಳಿರಲಿಲ್ಲ.

ಗುಡ್ಡದ ಸಾಗವಾನಿ ಮರಗಳೆಲ್ಲ ಬೋಳಾಗಿದ್ದವು. ಬಾರಿಹಣ್ಣಿನ ಮುಳ್ಳುಗಿಡಗಳ ನಡುವೆ ಎಲೆ ತುಳಿದ ಸದ್ದು ಬಿಟ್ಟರೆ ಬೇರೇನೂ ಇಲ್ಲ.

"ಒಣಾ ಕಡ್ಡಿ ಹಂಗ ಇರತಾವ್ರಿ ಕಾಕು," ಎಂದಳು ಪ್ರೇಮಾ. "ಗಾಳಿ ಇಲ್ಲದಾಗ ಒಂದ ಕಡ್ಡಿ ಅಲಗ್ಯಾಡಿದ್ರ ಅದ ಹುಳಾ."

ಎರಡು ತಾಸು ಹುಡುಕಿದರೂ ಪ್ರೇಮಾಳ ಕಣ್ಣಿಗೆ ಒಂದೂ ಬೀಳಲಿಲ್ಲ. ಅವಳ ನೋಟ ಮತ್ತೆ ಮತ್ತೆ ಮೇಲಿನ ಬಂಡೆಯತ್ತ ಹೋಗುತ್ತಿತ್ತು. ಅಲ್ಲಿ ಯಾರೋ ಕೂತು ತಮ್ಮಿಬ್ಬರನ್ನೂ ನೋಡುತ್ತಿದ್ದಾರೆ ಅನಿಸಿ ತಲೆ ತಗ್ಗಿಸುತ್ತಿದ್ದಳು.

"ಪ್ರೇಮಾ, ಇಲ್ಲಿ."

ಸಂಗಮ್ಮನ ಎದುರಿನ ಗಿಡದಲ್ಲಿ ಬೂದುಬಣ್ಣದ ಕಡ್ಡಿಯೊಂದು ಮೆಲ್ಲಗೆ ತೂಗುತ್ತಿತ್ತು. ಅವಳು ಬೆರಳು ಒಡ್ಡಿದಳು. ಹುಳು ಬೆರಳೇರಿ, ಮುಂಗಾಲು ಜೋಡಿಸಿ, ಮೂರುಮೂಲೆಯ ಮುಖವನ್ನು ಹೊರಳಿಸಿ ನೇರ ಅವಳನ್ನೇ ದಿಟ್ಟಿಸಿತು.

ಪ್ರೇಮಾಗೆ ತಡೆಯಲಾಗಲಿಲ್ಲ. "ಕಾಕು, ಅವ ತಾನಾಗಿ ಮ್ಯಾಲ ಏರಲಿಲ್ಲರಿ. ನಾ ಎಲ್ಲಾರಿಗೂ ಸುಳ್ಳ ಹೇಳೀನಿ. ಬಂಡೆ ಮ್ಯಾಲ ಇಂಥಾದ್ದ ಒಂದ ಕಂಡಿತ್ತು. ಹಿಡಕೊಂಡ ಬಾ ಅಂತ ನಾನ ಕಳಸಿದೆ. ಹಿಡದು, 'ಸಿಕ್ತು, ಸಿಕ್ತು' ಅಂತ ಕೂಗಿದ. ಆಮ್ಯಾಲ ಕಲ್ಲು ಜಾರಿತು."

ಹುಳು ಸಂಗಮ್ಮನ ಬೆರಳ ಮೇಲೆ ತೂಗುತ್ತಲೇ ಇತ್ತು.

"ಇಷ್ಟ ಸಣ್ಣದಕ್ಕ?" ಎಂದಳು ಕೊನೆಗೆ. ಹುಳುವನ್ನು ಗಿಡಕ್ಕೆ ಬಿಟ್ಟು, ಸೆರಗು ಬಿಗಿದುಕೊಂಡು ಇಳಿಯತೊಡಗಿದಳು. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಇಪ್ಪತ್ತು ದಿನ ಪ್ರೇಮಾ ಸಂಗಮ್ಮನ ಮನೆಯ ಮುಂದಿನ ದಾರಿಯನ್ನೇ ತಪ್ಪಿಸಿಕೊಂಡು ಓಡಾಡಿದಳು. ಒಂದು ಮಧ್ಯಾಹ್ನ ಸಂಗಮ್ಮನೇ ಕರೆಸಿದಳು. ಹೊರಗಿನ ಕೋಣೆಯಲ್ಲಿ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದ್ದಳು. ಮುಖ ಸೊರಗಿತ್ತು.

"ಗುಡ್ಡದಿಂದ ಬಂದಾಗಿಂದ ಅವ ಮಾತಾಡವಲ್ಲ," ಎಂದಳು. "ದಿನಾ ಮೂರಕ್ಕ ಇಲ್ಲೆ ಬಂದು ಕೂಡತೀನಿ. ಏನೂ ಇಲ್ಲ. ಅದೊಂದ ಉಳದಿತ್ತು ನನಗ. ಯಾಕ ಹೇಳಿದಿ ನೀ?"

ಹೇಳದೆ ಇದ್ದ ವರ್ಷವಿಡೀ ಪ್ರೇಮಾಗೆ ನಿದ್ದೆ ಬಂದಿರಲಿಲ್ಲ. ಹೇಳಿದ ಮೇಲೆ ಬರುತ್ತಿತ್ತು. ಆ ನಿದ್ದೆಯನ್ನು ಈ ಹೆಂಗಸಿನಿಂದಲೇ ಕಿತ್ತುಕೊಂಡೆ ಎಂದು ಅವಳಿಗೆ ಈಗ ಹೊಳೆಯಿತು.

"ನಾ ಹೋಗತೀನ್ರಿ ಕಾಕು," ಎಂದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?" ಸಂಗಮ್ಮನ ದನಿ ಗಡುಸಾಗಿತ್ತು. "ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ. ಹೋಗೂದೂ ಇಲ್ಲ. ಆದ್ರ ಒಬ್ಬಾಕಿನ ಕೂತು ಸಾಕಾಗೇದ. ಕೂಡು."

ಪ್ರೇಮಾ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಅವಳ ಪಕ್ಕದಲ್ಲಿ ಕೂತಳು.