ಮನೆಯವರ ಪಾಳಿ ಕೊನೆಗೆ

ನನ್ನ ಗಂಡ ಅರುಣ್ ಕುಮಾರ್ ಕೊಟ್ಟೂರು ಬಸ್‌ಸ್ಟ್ಯಾಂಡ್ ಹಿಂದೆ ಸ್ಟುಡಿಯೋ ಇಟ್ಟಿದ್ದಾರೆ. ಮದುವೆ ವಿಡಿಯೋ ಜೋಡಿಸುವುದು, ಫೋಟೋ ತಿದ್ದುವುದು, ಎಲ್ಲವೂ ಒಂದೇ ಹಳೇ ಕಂಪ್ಯೂಟರಿನಲ್ಲಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಇವರು ಮಾರಿಯಂತೂ ಅಲ್ಲ. ಆದರೆ ಮೊದಲ ಅರ್ಧ ಪೂರ್ತಿ ನಿಜ.

ಕುರಿ ಕಾಯುತ್ತಿದ್ದ ನಮ್ಮ ಮಾವ ಚೌಡಣ್ಣ ತೀರಿಕೊಂಡ ಮೇಲೆ ಅವರ ದನಿ ಉಳಿದಿದ್ದು ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಕುರಿಹಟ್ಟಿಯಲ್ಲಿ ಕೂತು ಹಾಡಿದ್ದು. ಅದರ ತುಂಬ ಗಾಳಿ, ಕುರಿಗಳ ಅರಚಾಟ, ಟೇಪಿನ ಕರಕರ. ಇತ್ತ ಅತ್ತೆ ದ್ಯಾಮಕ್ಕನ ಕಿವಿ ಮಂದವಾಗುತ್ತಾ ಬಂದಿತ್ತು. ನರವೇ ಸೋತಿದೆ, ಬೇಗ ಪೂರ್ತಿ ಹೋಗುತ್ತದೆ, ಮಷಿನ್ ಹಾಕಿದರೂ ಉಪಯೋಗವಿಲ್ಲ ಎಂದು ಡಾಕ್ಟರು ಹೇಳಿದ್ದರು.

“ಕಿವಿ ಹೋಗೋದ್ರೊಳಗ ನಿಮ್ಮಪ್ಪನ ದನಿ ಒಮ್ಮೆ ಕೇಳ್ಸಪ್ಪ,” ಎಂದರು ಅತ್ತೆ.

ಅರುಣ್ ಅಂದೇ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಗದ್ದಲದಿಂದ ದನಿಯನ್ನು ಬೇರ್ಪಡಿಸುವ ಕೆಲಸ ಹಚ್ಚಿದರು. ಹಚ್ಚಿದ್ದೇ ತಡ, ಮದುವೆ ವಿಡಿಯೋ ತಡವರಿಸತೊಡಗಿತು. ತಕ್ಷಣ ಏನೋ ಒತ್ತಿ, ಅಪ್ಪನ ದನಿಯನ್ನು ಎಲ್ಲಕ್ಕಿಂತ ಕೊನೆಯ ಪಾಳಿಗೆ ತಳ್ಳಿದರು.

“ಹಂಗಂದ್ರೇನ್ರಿ?” ಎಂದೆ.

“ನೋಡಾಕ ಎಲ್ಲಾ ಕೆಲಸ ಒಮ್ಮೆಲೇ ನಡದಂಗ ಕಾಣ್ತೈತಿ. ಖರೇ ಅಂದ್ರ ಪ್ರೊಸೆಸರ್ ಒಂದಕ್ಕ ಚೂರು ಹೊತ್ತು ಕೊಟ್ಟು ಮುಂದಿಂದಕ್ಕ ಹೋಗ್ತೈತಿ, ಪಂಕ್ತಿಯಾಗ ಬಡಿಸಿದಂಗ. ಯಾರಿಗೆ ಮೊದ್ಲು ಅಂತ ನೋಡಾದು ಆಪರೇಟಿಂಗ್ ಸಿಸ್ಟಮ್. ಬಂದ ಮಂದಿ ಉಣ್ಲಿ, ಮನಿಯವ್ರು ಆಮ್ಯಾಲೆ.”

ಮದುವೆಯ ಸುಗ್ಗಿ ಅದು. ಹಡಗಲಿಯವರು ಎದ್ದರೆ ಹರಪನಹಳ್ಳಿಯವರು ಕೂರುತ್ತಿದ್ದರು. ರಾತ್ರಿಯೂ ಯಾರದೋ ವಿಡಿಯೋ ತಯಾರಾಗುತ್ತಲೇ ಇರುತ್ತಿತ್ತು. ಪಂಕ್ತಿ ಎದ್ದರಲ್ಲವೇ ಮನೆಯವರಿಗೆ ಎಲೆ? ಪೂರ್ತಿ ಉಪವಾಸ ಬೀಳದಿರಲಿ ಎಂದು ಸಿಸ್ಟಮ್ ಆಗೊಮ್ಮೆ ಈಗೊಮ್ಮೆ ಮಾವನಿಗೆ ಒಂದು ಅಗುಳು ಹಾಕುತ್ತಿತ್ತು, ಅಷ್ಟೇ.

ಅತ್ತೆ ದಿನಾ ವಿಚಾರಿಸುತ್ತಿದ್ದರು. ಇವರು “ನಡದೈತಿ ಯವ್ವ” ಅನ್ನುತ್ತಿದ್ದರು. ಸುಳ್ಳೇನಲ್ಲ. ಬರುಬರುತ್ತಾ ಆ ಒಂದು ಮಾತನ್ನೂ ಕೂಗಿ ಹೇಳಬೇಕಾಯಿತು. ಆಮೇಲೆ ಕೂಗಿದರೂ ಸಾಲದೆ ಕೈಸನ್ನೆಗೆ ಇಳಿದೆವು.

“ಒಂದಿನ ಮಂದೀದು ನಿಲ್ಲಿಸ್ರಿ,” ಎಂದೆ ಸಿಟ್ಟಿನಿಂದ.

“ಮಾತು ಕೊಟ್ಟೀನಿ, ರೋಜಾ. ಅವ್ವ ಏನ್ ಹೊರಗಿನಾಕಿ ಏನು? ತಡಕೊಂತಾಳ.”

ಆಷಾಢ ಬಂತು, ಮದುವೆಗಳು ನಿಂತವು. ಕಂಪ್ಯೂಟರಿಗೆ ಬೇರೆ ಕೆಲಸ ಉಳಿಯಲಿಲ್ಲ. ಮಾವನ ದನಿಯದು ಬಾಕಿ ಇದ್ದಿದ್ದೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಯಿತು. ಒಂದು ಮಧ್ಯಾಹ್ನ ಬಿಟ್ಟುಕೊಟ್ಟಿದ್ದರೆ ಸಾಕಿತ್ತು.

ಅತ್ತೆಯನ್ನು ಕರೆತಂದು ಸ್ಪೀಕರಿನ ಎದುರೇ ಕೂರಿಸಿದೆವು. ಮಾವನ ದನಿ ಬಂತು. ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡವರು, ಇಲ್ಲೇ ಪಕ್ಕದಲ್ಲಿ ಕೂತು ಹಾಡಿದ ಹಾಗಿತ್ತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಕೇಳಿದರು. ಅರುಣ್ ಸದ್ದು ಏರಿಸಿದರು, ಇನ್ನೂ ಏರಿಸಿದರು. ಶೋಕೇಸಿನ ಗಾಜು ಅದುರಿತು.

ಅತ್ತೆ ಸ್ಪೀಕರ್ ನೋಡಿದರು, ಕಣ್ಣೊರೆಸಿಕೊಳ್ಳುತ್ತಿದ್ದ ಮಗನನ್ನು ನೋಡಿದರು.

“ಯಾಕಪ್ಪ, ಮಂದೀದು ಇನ್ನೂ ಮುಗಿದಿಲ್ಲೇನು?” ಎಂದರು. “ಗಡಿಬಿಡಿ ಮಾಡಬ್ಯಾಡ. ನಾನು ಕುಂತಿರ್ತೀನಿ.”