ಕತ್ತರಿಗೆ ಬಿದ್ದ ಮಾತುಗಳು

ಅಣ್ಣನ ಪಾಡ್‌ಕಾಸ್ಟಿಗೆ ಮೂರು ವರ್ಷ ತುಂಬಿತ್ತು. ಬಗೆಬಗೆಯ ಕಸುಬಿನವರನ್ನು ಕೂರಿಸಿಕೊಂಡು ಮಾತಾಡಿಸುವುದು ಅವನ ಪಾಲು. ಆ ಮಾತನ್ನು ಕೇಳುವ ಹಾಗೆ ಮಾಡುವುದು ತಂಗಿಯ ಪಾಲು. ಒಂದು ಪ್ರಶ್ನೆ ಕೇಳಲು ಅಣ್ಣನಿಗೆ ನಾಲ್ಕು ನಿಮಿಷ ಬೇಕು. 'ಅಂದ್ರೆ' ಎಂದು ಶುರುಮಾಡಿ, ಎಲ್ಲೆಲ್ಲೋ ಸುತ್ತಾಡಿ, ಮತ್ತೆ 'ಅಂದ್ರೆ'ಗೇ ಬಂದು ನಿಲ್ಲುತ್ತಿದ್ದ. ತಂಗಿ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದನ್ನು ಒಂದೇ ಸಾಲಿಗೆ ಇಳಿಸುತ್ತಿದ್ದಳು. ಕೇಳಿದವರೆಲ್ಲ "ಎಷ್ಟು ಚೊಕ್ಕವಾಗಿ ಮಾತಾಡ್ತೀರಿ ಸಾರ್!" ಎನ್ನುತ್ತಿದ್ದರು. ಪುಣ್ಯಾತ್ಮ ಅದನ್ನು ನಂಬಿಬಿಟ್ಟಿದ್ದ.

ಕಳೆದ ವಾರ ಅವಳು ಕೇಳಿದ್ದು ಒಂದೇ: ಸಂಚಿಕೆಯ ಕೊನೆಯಲ್ಲಿ ತನ್ನ ಹೆಸರನ್ನೂ ಹೇಳಬೇಕು.

ಅಣ್ಣ ನಕ್ಕುಬಿಟ್ಟ. "ನೀನು ಮಾಡೋದೇನು, ಅಲ್ಲಿಷ್ಟು ಇಲ್ಲಿಷ್ಟು ಕತ್ತರಿಸ್ತೀಯ. ಅದಕ್ಕೂ ಹೆಸರಾ? ಈಗ ಜನಕ್ಕೆ ಸಹಜವಾಗಿರೋದೇ ಇಷ್ಟ ಕಣೇ. ಎಡಿಟ್ಟೇ ಬೇಡ."

"ಹಾಗಾದ್ರೆ ನೀನೇ ಹಾಕ್ಕೋ. ಪಾಸ್‌ವರ್ಡೂ ಬದಲಾಯಿಸ್ಕೋ," ಎಂದು ಅವಳು ಕೈತೊಳೆದುಕೊಂಡಳು.

ಅಣ್ಣ ನಿಜಕ್ಕೂ ಹಾಗೇ ಮಾಡಿದ. ಎರಡು ಬೀದಿ ಆಚೆ ಮಗನ ಜೊತೆ ಅಂಗಡಿ ನಡೆಸುವ ಟೈಲರಮ್ಮನ ಸಂಚಿಕೆಯನ್ನು ಇವತ್ತು ಬೆಳಿಗ್ಗೆ ಇದ್ದದ್ದು ಇದ್ದ ಹಾಗೇ ಹಾಕಿ ಆಫೀಸಿಗೆ ಹೊರಟುಹೋದ. ತಂಗಿ ಹೊಟ್ಟೆಯುರಿಗೇ ಕೇಳಲು ಕೂತಳು. ಅರ್ಧ ಗಂಟೆಯಲ್ಲಿ ತಲೆ ಚಿಟ್ಟುಹಿಡಿಯಿತು. ಆದರೂ ಹಟಕ್ಕೆ ಬಿದ್ದು ಕೇಳಿದಳು. ನಲವತ್ತೊಂದನೇ ನಿಮಿಷಕ್ಕೆ ಟೈಲರಮ್ಮನ ದನಿ ತಗ್ಗಿತು.

"ನನ್ನ ಮಗ ಹೊಲಿದ ಕಾಲರ್ರು ನೆಟ್ಟಗೆ ಕೂರಲ್ಲ ಸಾರ್. ಅವನು ಊಟಕ್ಕೆ ಹೋದಾಗ ನಾನೇ ಬಿಚ್ಚಿ ಮತ್ತೆ ಹೊಲೀತೀನಿ. ಎಂಟು ವರ್ಷ ಆಯ್ತು. ಜನ ಅವನ ಕೆಲಸ ಹೊಗಳ್ತಾರೆ, ಅವನಿಗೂ ಖುಷಿ. ಅಯ್ಯೋ, ಇದನ್ನ ತೆಗೆದುಬಿಡಿ. ಅವನ ಕಿವಿಗೆ ಬಿದ್ರೆ ಮತ್ತೆ ಸೂಜಿ ಮುಟ್ಟಲ್ಲ."

ಆಮೇಲೊಂದು ಚಪ್ಪಾಳೆ. "ತೆಗೀತೀವಮ್ಮ, ಚಿಂತೆನೇ ಬೇಡ," ಎಂದಿದ್ದ ಅಣ್ಣ.

ತಂಗಿ ಹೆಡ್‌ಫೋನ್ ಕಿತ್ತಿಟ್ಟಳು. ಬೇಡದ ಮಾತು ಬಾಯಿಗೆ ಬಂದರೆ ಚಪ್ಪಾಳೆ ತಟ್ಟಿ ಎಂದು ಅಣ್ಣ ಅತಿಥಿಗಳಿಗೆಲ್ಲ ಮೊದಲೇ ಹೇಳಿರುತ್ತಾನೆ. ಆ ಸದ್ದು ಕಂಪ್ಯೂಟರಿನ ಪರದೆಯ ಮೇಲೆ ಉದ್ದ ಗೆರೆಯಾಗಿ ಏಳುತ್ತದೆ. ಅದನ್ನು ಹುಡುಕಿ, ಹಿಂದಿನ ಮಾತನ್ನು ತೆಗೆಯುವವಳು ಅವಳು. ಮಾತು ಕೊಡುವವನು ಅವನು, ಉಳಿಸಿಕೊಳ್ಳುವವಳು ಇವಳು. ಅದು ಅವನಿಗೆ ನೆನಪೇ ಇರಲಿಲ್ಲ!

ಮೂರು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಪಾಸ್‌ವರ್ಡೂ ಕೈಯಲ್ಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಓಡಿದಳು.

ಟೈಲರಮ್ಮನ ಮಗ ಕೊರಳಲ್ಲಿ ಟೇಪು ಹಾಕಿಕೊಂಡು ಬಟ್ಟೆಗೆ ಗುರುತು ಮಾಡುತ್ತಿದ್ದ. "ಬನ್ನಿ ಅಕ್ಕ! ಅಮ್ಮನ ಮಾತು ಬಂದಿದೆ ಅಂತ ಗಿರಾಕಿಗಳಿಗೆಲ್ಲ ಕೇಳಿಸ್ದೆ. ಬೇಜಾರು ಮಾಡ್ಕೋಬೇಡಿ, ನಿಮ್ಮಣ್ಣನಿಗೆ ಈ ಸಲ ಏನಾಗಿದೆ? ಅಮ್ಮನಿಗೆ ಬಾಯಿ ತೆರೆಯೋಕೇ ಬಿಡ್ತಿಲ್ಲ. ಹತ್ತು ನಿಮಿಷಕ್ಕೆ ಎಲ್ಲರೂ ಎದ್ದುಹೋದ್ರು, ನಾನೂ ನಿಲ್ಲಿಸ್ದೆ. ಸಂಜೆ ಅಂಗಡಿ ಮುಚ್ಚಿ ಪೂರ್ತಿ ಕೇಳ್ತೀನಿ."

ಹೋದ ಜೀವ ಬಂದಂತಾಯಿತು. ಅದರ ಹಿಂದೆಯೇ ಸಿಟ್ಟೂ ಬಂತು: ಅಣ್ಣನ ಮಾನ ಕಾಪಾಡಿದ್ದು ಅಣ್ಣನ ಕೊರೆತವೇ. ಮೆಷಿನ್ನಿನ ಹಿಂದಿನಿಂದ ಟೈಲರಮ್ಮ ತಲೆಯೆತ್ತಿ ನೋಡಿದರು. ಮಗ ಇದ್ದುದರಿಂದ ಏನೂ ಕೇಳಲಿಲ್ಲ. ತಂಗಿ 'ತೆಗೆದಾಯ್ತು' ಎಂಬಂತೆ ತಲೆಯಾಡಿಸಿದಳು. ಸಂಜೆಯೊಳಗೆ ಆ ಸುಳ್ಳನ್ನು ನಿಜ ಮಾಡಬೇಕಿತ್ತು.

ನಾಲ್ಕನೇ ಸಲಕ್ಕೆ ಅಣ್ಣ ಫೋನ್ ಎತ್ತಿದ. "ಅಯ್ಯೋ, ಮರೆತೇಹೋಗಿತ್ತು! ಈಗಲೇ ಸಂಚಿಕೆನ ಅಲ್ಲಿಂದ ತೆಗೀತೀನಿ. ಅದೊಂದು ತುಂಡು ಕತ್ತರಿಸಿ ಕೊಡು, ಸಾಕು. ಉಳಿದಿದ್ದೆಲ್ಲ ಚೆನ್ನಾಗೇ ಇದೆ."

ಹಾಗೇ ಮಾಡಿಬಿಡೋಣ, ಅವನ ಬಂಡವಾಳ ಬಯಲಾಗಲಿ ಎಂದು ಅವಳಿಗೆ ಅನಿಸದೆ ಇರಲಿಲ್ಲ. ಆದರೆ ಹತ್ತೇ ನಿಮಿಷಕ್ಕೆ ಜನ ಎದ್ದುಹೋದರೆ ಟೈಲರಮ್ಮನ ಮಾತು ಕೇಳುವವರು ಯಾರು? ಹಲ್ಲು ಕಚ್ಚಿಕೊಂಡು ಕೂತಳು. ಊಟವನ್ನೂ ಮಾಡದೆ, ಅಣ್ಣನಿಗೆ ಮನಸಾರೆ ಶಾಪ ಹಾಕುತ್ತ, ಇಡೀ ಸಂಚಿಕೆಯನ್ನು ಹದಕ್ಕೆ ತಂದಳು. ಟೈಲರಮ್ಮನ ಗುಟ್ಟನ್ನು ಕುರುಹೂ ಉಳಿಯದ ಹಾಗೆ ಅಳಿಸಿದಳು. ಅಣ್ಣನ ಮಾತಿನಿಂದ ಕತ್ತರಿಸಿದ ತುಂಡುಗಳನ್ನು ಮಾತ್ರ ಈ ಸಲ ಎಸೆಯಲಿಲ್ಲ. ಒಂದರ ಹಿಂದೊಂದು ಜೋಡಿಸಿಟ್ಟಳು. ಹತ್ತೊಂಬತ್ತು ನಿಮಿಷವಾಯಿತು.

ಅವಳು ಕಳಿಸಿದ ಹೊಸ ಸಂಚಿಕೆಯನ್ನು ನಾಲ್ಕು ಗಂಟೆಗೆ ಅಣ್ಣ ಹಾಕಿದ. ಐದಕ್ಕೆ ಅಣ್ಣನ ಫೋನ್ ಬಂತು. "ನೋಡಿದ್ಯಾ, ಒಂದು ತುಂಡು ತೆಗೆದಿದ್ದಕ್ಕೇ ಹೇಗೆ ಹರೀತಿದೆ! ನಾನು ಆವತ್ತು ಚೆನ್ನಾಗೇ ಮಾತಾಡಿದ್ದೆ ಕಣೇ."

ಟೈಲರಮ್ಮ ಎಂಟು ವರ್ಷ ತುಟಿ ಬಿಚ್ಚಿರಲಿಲ್ಲ. ಆದರೆ ಅವರು ಕಾಪಾಡಿದ್ದು ಹೆತ್ತ ಮಗನನ್ನು. ಈ ಅಣ್ಣ ನಲವತ್ತು ದಾಟಿದವನು, ತಾನೇನು ಇವನನ್ನು ಹೆತ್ತಿಲ್ಲ. ತಂಗಿ ಫೋನಿಟ್ಟು, ಜೋಡಿಸಿಟ್ಟಿದ್ದನ್ನು ಅವನಿಗೆ ಕಳಿಸಿದಳು. 'ಇದನ್ನೂ ಕೇಳು' ಎಂದಷ್ಟೇ ಬರೆದಳು.

ಇಪ್ಪತ್ತನೇ ನಿಮಿಷಕ್ಕೆ ಮತ್ತೆ ಫೋನ್ ಬಂತು. ಅಣ್ಣನ ದನಿ ಇಳಿದಿತ್ತು.

"ಇದು ನಾನೇನಾ?"

"ನೀನೇ. ಒಂದೇ ಸಂಚಿಕೆದು."

"ಮೂರು ವರ್ಷದಿಂದ ಯಾಕೆ ಹೇಳ್ಲಿಲ್ಲ ನೀನು?"

"ಹೇಳೋಕೆ ಬಂದಾಗೆಲ್ಲ ನೀನು ಮಾತಾಡ್ತಿದ್ದೆ, ಅಣ್ಣ."